ಆರನೆಯ ಸೀಟು

ಝಾಯಿದ್‌ನ ಬಾಡಿಗೆ ಕಾರು ಪೇಟೆಗೆ ಯಾವಾಗ ಹೊರಡುತ್ತದೆ ಎಂದು ಗುಡ್ಡದ ಹಳ್ಳಿ ಐತ್ ಉಜ್ರುವಿನಲ್ಲಿ ಯಾರನ್ನು ಕೇಳಿದರೂ ಸಿಗುತ್ತಿದ್ದುದು ಒಂದೇ ಉತ್ತರ: ತುಂಬಿದಾಗ. ಮುಂದೆ ಅವನ ಪಕ್ಕ ಇಬ್ಬರು, ಹಿಂದೆ ನಾಲ್ವರು. ಆರನೆಯವರು ಹತ್ತಿ ಬಾಗಿಲು ಎಳೆದುಕೊಳ್ಳುವ ತನಕ ಆ ಹಳೆಯ ಕಾರು ಊರ ಮುಂದಿನ ಅಕ್ರೋಟು ಮರದ ಬುಡದಿಂದ ಕದಲುತ್ತಿರಲಿಲ್ಲ. ಒಳಗೆ ಕೂತ ಐವರು ಬೆಂದು ಬದನೆಕಾಯಿಯಾಗುತ್ತಿದ್ದರೂ ಅವನು ಬಾನೆಟ್ಟಿಗೊರಗಿ ಸೂರ್ಯಕಾಂತಿ ಬೀಜದ ಸಿಪ್ಪೆ ಬಿಡಿಸುತ್ತಾ ನಿಂತಿರುತ್ತಿದ್ದ.

"ಒಬ್ಬ ತಾನೇ ಕಮ್ಮಿ, ಹೊರಡೋ ಮಾರಾಯ" ಎಂದು ಯಾರಾದರೂ ಗೊಣಗಿದರೆ, "ಒಬ್ಬ ಕಮ್ಮಿ ಅಲ್ಲಪ್ಪಾ, ಒಬ್ಬ ಜಾಸ್ತಿ. ಖಾಲಿ ಸೀಟಲ್ಲಿ ಜಿನ್ ಭೂತ ಬಂದು ಕೂರುತ್ತೆ. ಅದರ ಬಾಡಿಗೆ ನೀನು ಕೊಡ್ತೀಯಾ?" ಎನ್ನುತ್ತಿದ್ದ.

ಈ ಮಾತು ಅವನ ಅಪ್ಪನದು. ಅಪ್ಪ ಒಮ್ಮೆ ಯಾರದೋ ಅವಸರಕ್ಕೆ ಮಣಿದು ಒಂದು ಸೀಟು ಖಾಲಿ ಬಿಟ್ಟು ಹೊರಟಿದ್ದ. ಕಣಿವೆಯಲ್ಲಿ ಹೊಳೆ ದಾಟುವಾಗ ನೀರು ಏರಿ ಕಾರು ಕಿಟಕಿಯವರೆಗೂ ಮುಳುಗಿತ್ತು. ಜನ ಬದುಕಿಕೊಂಡರು, ಕಾರೂ ಬದುಕಿತು, ಅಪ್ಪನ ಮಾತು ಮಾತ್ರ ಮಗನಿಗೆ ಶಾಸನವಾಯಿತು. ಇದರ ಜೊತೆಗೆ ಡೀಸೆಲ್ಲಿನ ಲೆಕ್ಕವೂ ಇತ್ತೆನ್ನಿ. ಐದು ಜನರ ಬಾಡಿಗೆಯನ್ನು ಕಾರೇ ಕುಡಿದು ಮುಗಿಸುತ್ತಿತ್ತು, ಆರನೆಯವರದು ಝಾಯಿದ್‌ನ ಹೊಟ್ಟೆಗೆ. ಜಿನ್ನಿನ ಹೆಸರು ಹೇಳಿದರೆ ಬಡತನದ ಹೆಸರು ಹೇಳುವುದು ತಪ್ಪುತ್ತದೆ, ಅಷ್ಟೇ.

ಅವನು ಈ ಊರಿನವನಲ್ಲ. ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸಂಜೆ ಪೇಟೆಯಿಂದ ಈ ಊರಿಗೆ ಬಂದು ಮಸೀದಿಯ ಅತಿಥಿಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಕಾರು ತುಂಬಲೆಂದು ಕಾಯುವುದು ಅವನ ಬದುಕು. ಘಾಟಿ ಹತ್ತಿ ಬಂದ ಕಾರು ಹೊಗೆಯಾಡುತ್ತಿತ್ತು. ಅದರ ರೇಡಿಯೇಟರಿಗೆ ನೀರು ತುಂಬಬೇಕು. ಮರದ ಪಕ್ಕದಲ್ಲೇ ಊರ ಕಾಲುವೆ ಹರಿಯುತ್ತಿದ್ದರೂ ಡಬ್ಬ ಅದ್ದಲು ಬಗ್ಗಿದರೆ ಸಾಕು, ನೀರಿನ ಸರದಿ ನೋಡಿಕೊಳ್ಳುವ ಮುದುಕ ಅಸ್ಸು ಎಲ್ಲಿದ್ದರೂ ಪ್ರತ್ಯಕ್ಷ.

"ಮುಟ್ಟಬೇಡ! ಅದು ಮುದುಕಿ ಇಜ್ಜಾನ ಮನೆ ನೀರು. ನಿನಗೆ ಹೊಳೆ ಇದೆಯಲ್ಲ, ಇಳಿ."

"ಒಂದು ಡಬ್ಬ ತಾತಾ, ಕಾರು ಬಾಯಾರಿದೆ."

"ನಿನ್ನ ಕಾರಿಗೆ ಹೊಲ ಇದೆಯಾ ಈ ಊರಲ್ಲಿ? ಮನೆ ಇದೆಯಾ? ಇಲ್ಲ ತಾನೇ? ಹಾಗಾದ್ರೆ ಸರದಿ ಇಲ್ಲ, ಸರದಿ ಇಲ್ದಿದ್ರೆ ನೀರಿಲ್ಲ."

ಝಾಯಿದ್ ಮೊಣಕಾಲು ಹಿಡಿದುಕೊಂಡು ಹೊಳೆಗೆ ಇಳಿಯುತ್ತಿದ್ದ, ಬೈಯುತ್ತಾ ಹತ್ತುತ್ತಿದ್ದ.

ಊರಿನದು ಇನ್ನೊಂದು ಬಗೆಯ ಕಷ್ಟ. ಕಾರು ಯಾವಾಗ ಹೊರಡುತ್ತದೋ ಗೊತ್ತಿಲ್ಲದ ಮೇಲೆ ಯಾರು ದಿನ ಹಾಳು ಮಾಡಿಕೊಂಡು ಕಾಯುತ್ತಾರೆ? ಹೋಗುವವರಿಲ್ಲವೆಂದು ಕಾರು ಹೊರಡದು, ಕಾರು ಹೊರಡದೆಂದು ಜನ ಬಾರರು. ಮೊಟ್ಟೆ ಮನೆಯಲ್ಲೇ ಕೊಳೆಯುತ್ತಿತ್ತು, ನೇಯ್ದ ಕಂಬಳಿ ಪೆಟ್ಟಿಗೆಯಲ್ಲೇ ನುಸಿ ಹಿಡಿಯುತ್ತಿತ್ತು. ಊರು ಆರಕ್ಕೇರದೆ ಮೂರಕ್ಕಿಳಿಯದೆ ಹಾಗೇ ಕೂತಿತ್ತು.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಗುಲಾಬಿ. ಐತ್ ಉಜ್ರುವಿನ ಗೋಧಿ ಹೊಲಗಳಿಗೆಲ್ಲ ಗುಲಾಬಿಯೇ ಬೇಲಿ. ವಸಂತ ಬಂದರೆ ಹೆಂಗಸರು ಬೆಳಕು ಹರಿಯುವ ಮೊದಲೇ ಇಬ್ಬನಿಯಲ್ಲಿ ನಿಂತು ಹೂ ಬಿಡಿಸಿ ಬಟ್ಟೆಯ ಗಂಟು ಕಟ್ಟುತ್ತಿದ್ದರು. ಪೇಟೆಯ ಪನ್ನೀರಿನ ಕಾರ್ಖಾನೆಯವರು ಬಿಸಿಲು ಏರುವ ತನಕ ಬಂದ ಹೂವಿಗೆ ಒಳ್ಳೆಯ ಬೆಲೆ ಕೊಡುತ್ತಿದ್ದರು. ಆಮೇಲೆ ಬಂದದ್ದಕ್ಕೆ ಹುಲ್ಲಿನ ಬೆಲೆ. ಝಾಯಿದ್‌ನ ಕಾರು ತುಂಬುವ ಹೊತ್ತಿಗೆ ಗಂಟಿನೊಳಗೆ ಹೂ ಬೆಂದು ಕಂದಿರುತ್ತಿತ್ತು. ಗುಲಾಬಿಗೆ ಯಾರ ಅಪ್ಪನ ಶಾಸನವೂ ಅರ್ಥವಾಗುವುದಿಲ್ಲ ನೋಡಿ. ಬೇಲಿ ಕಿತ್ತು ಮುಳ್ಳುಕಂಟಿ ಹಾಕೋಣ, ಮುಳ್ಳಿಗಾದರೂ ಕೊಯ್ಯುವ ಕೆಲಸ ಇಲ್ಲ ಎಂದು ಕೆಲವರು ಮಾತಾಡತೊಡಗಿದ್ದರು.

ಆ ವಸಂತದ ಮೊದಲ ಹೂ ಬಿರಿದ ದಿನ ಝಾಯಿದ್ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನುತ್ತಾ ವಿಷಯ ಹೇಳಿಯೇಬಿಟ್ಟ. ಹೇಳಿದ್ದು ತೂಡಾಳಿಗೆ. ಅವಳು ಹೂ ಬಿಡಿಸುವ ಹೆಂಗಸರ ಮುಂದಾಳು. ಅವಳ ನಾಲಿಗೆಗೆ ಊರ ಇಮಾಮರೂ ದಾರಿ ಬಿಡುತ್ತಿದ್ದರು.

"ಈ ಹೂವಿನ ಸುಗ್ಗಿ ಮುಗಿದ ಮೇಲೆ ನಾನು ಬರಲ್ಲ ತೂಡಾ. ಕೆಳಗೆ ಟ್ಯಾಕ್ಸಿ ಸ್ಟ್ಯಾಂಡಿನ ಮಿಮೂನ್ ಡಾಂಬರು ರಸ್ತೆಯಲ್ಲಿ ಓಡಿಸೋಕೆ ನನಗೊಂದು ಜಾಗ ಕೊಡ್ತಾನಂತೆ. ಅಲ್ಲಿ ಸೀಟು ತಾನೇ ತುಂಬುತ್ತೆ. ಸುಗ್ಗಿ ಮುಗಿದ ಮೊದಲ ಸಂತೆ ದಿನ ಅವನಿಗೆ ಮಾತು ಕೊಡಬೇಕು."

"ಆಮೇಲೆ ನಾವು?"

"ಹೇಸರಗತ್ತೆ ಇದೆಯಲ್ಲ."

"ನೀನೊಬ್ಬ ಸಾಲದಾ ಹೇಸರಗತ್ತೆ? ಹಿಡಿದ ಪಟ್ಟು ಬಿಡಲ್ಲ, ಹೊಡೆದ್ರೂ ಮುಂದೆ ಹೋಗಲ್ಲ." ಅಷ್ಟು ಹೇಳಿದವಳು ದನಿ ತಗ್ಗಿಸಿದಳು. "ಅಣ್ಣಾ, ಖಾಲಿ ಸೀಟಿನ ದುಡ್ಡು ನಾವು ಕೊಡ್ತೀವಿ. ಹೂವಿನ ದುಡ್ಡು ಬಂದ ಕೂಡ್ಲೆ. ನೀನು ಬೆಳಕು ಹರಿಯೋಕ್ ಮುಂಚೆ ಹೊರಡು."

"ಯಾರೂ ಕೂರದ ಸೀಟಿನ ದುಡ್ಡಲ್ಲಿ ಬರಕತ್ತಿಲ್ಲ. ನಮ್ಮಪ್ಪ ಮುಟ್ಟಿರಲಿಲ್ಲ, ನಾನೂ ಮುಟ್ಟಲ್ಲ."

"ಜನ ಕೂತ್ರೆ?"

"ಕೂತ್ರೆ ಹೊರಡ್ತೀನಿ. ಸೂರ್ಯ ಹುಟ್ಟಲಿ, ಬಿಡಲಿ."

"ಈ ಮಾತು ನೆನಪಿಟ್ಕೋ" ಎಂದು ತೂಡಾ ಎದ್ದಳು.

ಅಂದು ಸಂಜೆ ಕಣದಲ್ಲಿ ಊರು ಸೇರಿತು. ಕಾಲುವೆಯ ಹೂಳು ತೆಗೆಯುವುದಿರಲಿ, ವಿಧವೆಯ ಮನೆಗೆ ಗೋಡೆ ಎಬ್ಬಿಸುವುದಿರಲಿ, ಊರೆಲ್ಲ ಕೂಡಿ ಮಾಡುವ ಕೆಲಸಕ್ಕೆ ಇಲ್ಲಿ ತಿವೀಜಿ ಎನ್ನುತ್ತಾರೆ. ಮನೆಗೊಂದಾಳು ಬರಬೇಕು, ಕೂಲಿ ಇಲ್ಲ, ನೆಪ ಇಲ್ಲ. ತೂಡಾ ಎದ್ದು ನಿಂತು ಕೇಳಿದ್ದು ಇಷ್ಟೇ: "ಮಣ್ಣು ಹೊರೋಕೆ ಮನೆಗೊಬ್ಬರು ಬರ್ತೀರಿ. ಕಾರಲ್ಲಿ ಕೂರೋಕೆ ಬರಲ್ವಾ?" ಜನ ನಕ್ಕರು. ಆಮೇಲೆ ಒಪ್ಪಿದರು. ಬಾಡಿಗೆ ಹೂ ಮಾರಿದ ಮೇಲೆ ಎಲ್ಲರ ಪಾಲಿನಿಂದ ಎಂದಾಯಿತು.

ಮಾರನೆಯ ಬೆಳಿಗ್ಗೆ ಝಾಯಿದ್ ನಮಾಜು ಮುಗಿಸಿ ಹೊರಗೆ ಬಂದರೆ ಅಕ್ರೋಟು ಮರದ ಕೆಳಗೆ ಕಾರೇ ಕಾಣಲಿಲ್ಲ. ಊರಿಗೆ ಊರೇ ಅದನ್ನು ಮುತ್ತಿಕೊಂಡಿತ್ತು! ಮನೆಗೊಬ್ಬರು ಎಂದ ಮೇಲೆ ಮುಗಿಯಿತು, ಬರದೆ ಉಳಿದರೆ ಮುಂದಿನ ಮದುವೆಯಲ್ಲಿ ಹೆಂಗಸರು ಹೆಸರಿಟ್ಟು ಹಾಡು ಕಟ್ಟುತ್ತಾರೆ. ಗಂಡಸರು ಒಗೆದ ಜೆಲ್ಲಾಬ ನಿಲುವಂಗಿ ಹಾಕಿದ್ದರು, ಹೆಂಗಸರು ಹಬ್ಬದ ಸೆರಗು ಹೊದ್ದಿದ್ದರು. ಆರು ಜನ ಹತ್ತಿದರೆ ಉಳಿದವರು ಅವರನ್ನು ಇಳಿಸಿದರು. "ನನ್ನ ಮನೆ ಏನು ಕಮ್ಮಿ?" "ನಿನ್ನ ತಮ್ಮ ಹೋದ ವಾರ ತಾನೇ ಪೇಟೆ ನೋಡಿ ಬಂದ?" ಒಬ್ಬ ಡಿಕ್ಕಿಯಲ್ಲಿ ಕೂತು ಒಳಗಿಂದ ಮುಚ್ಚಿಕೊಂಡ. ಅವನನ್ನು ಎಳೆಯುವಾಗ ಹೂವಿನ ಗಂಟೊಂದು ಬಿಚ್ಚಿ ಚೆಲ್ಲಿತು. ಝಾಯಿದ್ ಮೊದಮೊದಲು ನಕ್ಕ. ಆಮೇಲೆ ಬಿಸಿಲು ಗುಡ್ಡ ಇಳಿದು, ಕಣ ದಾಟಿ, ಕಾರಿನ ಗಾಜಿಗೆ ಬಂತು.

ತೂಡಾ ಗಂಟು ಬಿಚ್ಚಿ ಒಳಗೆ ಕೈಯಿಟ್ಟಳು, ಕೈ ತೆಗೆದಳು, ಬಂಡೆಯ ಮೇಲೆ ಕೂತಳು. ಹೂ ಆಗಲೇ ಬೆಂದಿತ್ತು. ತೂಡಾ ಮಾತಾಡದೆ ಕೂತದ್ದನ್ನು ಝಾಯಿದ್ ನೋಡಿದ್ದು ಅದೇ ಮೊದಲು.

ಆಗ ಅಸ್ಸು ತಾತ ಹಾರೆ ಹಿಡಿದುಕೊಂಡು ಬಂದ.

"ನಾಚಿಕೆ ಆಗಲ್ವಾ? ಇದ್ದದ್ದೊಂದು ಕಾಲುವೆ ನೀರನ್ನ ನಿಮ್ಮಜ್ಜಂದಿರು ಒಂದು ಹನಿ ರಕ್ತ ಬೀಳದಂಗೆ ಹಂಚ್ಕೊಂಡು ಬಂದ್ರು. ಈ ತಗಡಿನ ಡಬ್ಬದ ಸೀಟು ಹಂಚ್ಕೊಳ್ಳೋಕೆ ನಿಮಗಾಗಲ್ಲ." ಹಾರೆಯನ್ನು ನೆಲಕ್ಕೆ ಕುಟ್ಟಿದ. "ನೀರಿನ ಸರದಿ ಹೆಂಗೋ ಸೀಟಿನ ಸರದಿ ಹಂಗೆ. ತೂಡಾ ಹೂವಿನ ಜೊತೆ ದಿನಾ ಹೋಗಲಿ. ಉಳಿದ ಐದು ಸೀಟು, ಯಾರ ಹೊಲಕ್ಕೆ ನೀರು ಹರಿದು ಮುಗೀತೋ ಆ ಮನೆಗಳಿಗೆ. ಒಬ್ಬರ ಸರದಿ ಇನ್ನೊಬ್ಬರು ಮುಟ್ಟಂಗಿಲ್ಲ. ಮುಟ್ಟಿದ್ರೆ ಸರದಿಯವರು ಸತ್ತು ಆ ಮನೆ ಒಲೆ ಆರಿದೆ ಅಂತ ಅರ್ಥ. ತಿಳೀತಾ?"

ನೀರಿನ ಸರದಿ ಅಂದರೆ ಆ ಊರಲ್ಲಿ ಹೆತ್ತ ಮಕ್ಕಳೂ ತಕರಾರು ಮಾಡುವುದಿಲ್ಲ. ಮರುದಿನ ಸರದಿಯ ಐದು ಮನೆಯವರು ಮಾತಿಲ್ಲದೆ ಬಂದು ಕೂತರು, ತೂಡಾ ಕೂತಳು, ಗಂಟುಗಳು ಮೇಲೇರಿದವು. ಕಾರು ಹೊರಟಾಗ ಎದುರು ಗುಡ್ಡದ ಮೇಲೆ ಇನ್ನೂ ನಕ್ಷತ್ರವಿತ್ತು. ಕೊಟ್ಟ ಮಾತಿಗೆ ಸಿಕ್ಕಿಬಿದ್ದ ಝಾಯಿದ್ ಕಣ್ಣುಜ್ಜುತ್ತಾ ಗೇರು ಹಾಕಿದ.

ಮುಂದೆ ಅವನ ಪಕ್ಕದಲ್ಲಿ ಕೂತಿದ್ದವಳು ಇಜ್ಜಾ, ಹಿರಿಯಳೆಂದು ಊರವರ ಬಾಯಲ್ಲಿ ಲಲ್ಲಾ ಇಜ್ಜಾ. ಒಂಟಿ ಮುದುಕಿ, ಹಲ್ಲಿಲ್ಲ, ಹೆದರಿಕೆಯೂ ಇಲ್ಲ. ಮನೆಗೊಂದಾಳು ಅಂದರೆ ಅವಳ ಮನೆಯಲ್ಲಿ ಅವಳೇ ಆಳು. ಹುಟ್ಟಿದಾಗಿನಿಂದ ಗುಲಾಬಿ ಬಿಡಿಸಿದವಳು ಪೇಟೆಯನ್ನು ಕಂಡಿರಲಿಲ್ಲ.

"ಲಲ್ಲಾ, ಪೇಟೇಲಿ ನಿನಗೇನು ಕೆಲಸ?" ಎಂದು ಝಾಯಿದ್ ಕೆಣಕಿದ.

"ಕೂರೋದೇ ಕೆಲಸ. ನಾನು ಕೂರದಿದ್ರೆ ಜಿನ್ ಕೂರುತ್ತಂತಲ್ಲ. ನೋಡು, ಇಬ್ಬರಲ್ಲಿ ಯಾರು ಚೆಂದ?"

ಕಾರ್ಖಾನೆಯ ಅಂಗಳದಲ್ಲಿ ತೂಡಾಳ ಗಂಟು ಬಿಚ್ಚಿದವನು ಹೂವಿನೊಳಗೆ ಮೊಣಕೈವರೆಗೆ ಕೈ ಹಾಕಿ, "ತಣ್ಣಗಿದೆ!" ಎಂದು ಇನ್ನೊಬ್ಬನನ್ನು ಕರೆದ. ಅಲ್ಲಿಯವರೆಗೆ ಐತ್ ಉಜ್ರುವಿನ ಹೂ ಅಂದರೆ ಮುಖ ತಿರುಗಿಸುತ್ತಿದ್ದ ಜನ. ತಕ್ಕಡಿಯ ಮೇಲೆ ಗಂಟು ಕೂತದ್ದನ್ನು ಲಲ್ಲಾ ಇಜ್ಜಾ ನೋಡಿದಳು. ಒಳಗೆ ದೊಡ್ಡ ತಾಮ್ರದ ಹಂಡೆಗಳು ಆವಿಯಾಡುತ್ತಿದ್ದವು. ಅವಳು ಗೋಡೆ ಹಿಡಿದುಕೊಂಡು ಮೂಗು ಮೇಲೆತ್ತಿ ನಿಂತುಬಿಟ್ಟಳು.

"ಏನಾಯ್ತು ಲಲ್ಲಾ?"

"ನಮ್ಮೂರು ಕಣಪ್ಪಾ ಇದು. ನಮ್ಮಮ್ಮನ ಸೆರಗು ಹಿಂಗೇ ಘಮ್ಮಂತಿತ್ತು. ಇಷ್ಟು ವರ್ಷ ಬುಟ್ಟಿ ತುಂಬಿ ಕಳಿಸಿದೆ, ಎಲ್ಲಿಗೆ ಹೋಗುತ್ತೆ ಅಂತ ಕೇಳೇ ಇರಲಿಲ್ಲ." ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಝಾಯಿದ್ ಬೇರೆ ಕಡೆ ನೋಡಿದ. ಈ ಹೂವನ್ನು ತಾನು ಎಷ್ಟು ವರ್ಷ ಬೇಯಿಸಿ ತಂದಿದ್ದೇನೆ ಎಂಬುದು ಅವನಿಗೆ ಆಗಲೇ ತಟ್ಟಿದ್ದು.

ಕೂರುವುದೇ ಕೆಲಸವೆಂದು ಹೋದವರು ಬರೀ ಕೂತು ಬರುವ ಜಾತಿಯವರಲ್ಲ. ಎರಡನೆಯ ಸರದಿಗೆ ಲಲ್ಲಾ ಇಜ್ಜಾ ಬುಟ್ಟಿಯಲ್ಲಿ ಮೊಟ್ಟೆ ತಂದಳು. ಹೇಗೂ ಹೋಗುತ್ತಿದ್ದೇನಲ್ಲ ಎಂದು ಒಬ್ಬ ಒಡೆದ ನೇಗಿಲಗುಳ ಒಯ್ದು ಕಮ್ಮಾರನಲ್ಲಿ ಬಡಿಸಿಕೊಂಡು ಬಂದ. ಇನ್ನೊಬ್ಬಳು ಪೆಟ್ಟಿಗೆಯ ಕಂಬಳಿ ತೆಗೆದು ಧೂಳು ಕೊಡವಿ ಹೆಗಲಿಗೇರಿಸಿದಳು. ವರ್ಷಗಟ್ಟಲೆ ಹಲ್ಲುನೋವಿಗೆ ಲವಂಗ ಅಗಿಯುತ್ತಿದ್ದವನು ಹಲ್ಲು ಕೀಳಿಸಿಕೊಂಡು, ಅದನ್ನು ಜೇಬಲ್ಲಿಟ್ಟುಕೊಂಡು ಬಂದು ಎಲ್ಲರಿಗೂ ತೋರಿಸಿದ. ಕಾರು ಯಾವಾಗ ಹೊರಡುತ್ತದೆ ಎಂದು ಊರಲ್ಲಿ ಈಗ ಮಕ್ಕಳೂ ಹೇಳುತ್ತಿದ್ದರು: ಮಸೀದಿಯ ನೆತ್ತಿ ಬೆಳಗುವ ಮುಂಚೆ. ಹೊರಡುವ ಹೊತ್ತು ಗೊತ್ತಾದದ್ದೇ ತಡ, ಹೋಗಬೇಕಾದ ಕೆಲಸಗಳೆಲ್ಲ ಎಲ್ಲಿದ್ದವೋ ಏನೋ, ಮಳೆ ಬಿದ್ದ ಮೇಲಿನ ಅಣಬೆಯ ಹಾಗೆ ಎದ್ದು ಬಂದವು. ಪೇಟೆಯ ಕೊಳ್ಳುವವರಿಗೂ ಗೊತ್ತಾಯಿತು. ಮೊಟ್ಟೆ ಅಂಗಡಿಯವನು ಬೆಳಿಗ್ಗೆ ಎದ್ದು ಕಣಿವೆಯ ಕಡೆಗೆ ನೋಡುತ್ತಿದ್ದ.

ಝಾಯಿದ್ ಈ ಊರನ್ನು ಸೋಮಾರಿಗಳ ಊರು ಎಂದುಕೊಂಡಿದ್ದ. ಈಗ ಸ್ಟಿಯರಿಂಗ್ ಹಿಡಿದು ಹಿಂದಿನ ಸೀಟಿನ ಮಾತು ಕೇಳುತ್ತಾ ಇಳಿಯುವಾಗ, ಇವರು ಎಂಥ ಜನ ಎಂದು ಅವನಿಗೆ ಬೆರಗಾಗುತ್ತಿತ್ತು. ಸರ್ಕಾರದ ಬಸ್ಸು ಬರಲಿ ಎಂದು ಕೈಕಟ್ಟಿ ಕೂರಲಿಲ್ಲ, ತನ್ನ ಕಾಲಿಗೂ ಬೀಳಲಿಲ್ಲ. ಕೈಯಲ್ಲಿ ಕಾಸಿಲ್ಲದಾಗ ತಮ್ಮ ಮೈಯನ್ನೇ ತಂದು ಸೀಟಿಗೆ ಹಾಕಿದರು. ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಕಾರಿನ ಸೀಟಿಗೆ ಹೊಸ ಬಟ್ಟೆ ಹೊಲಿಸಿ ಹಾಕಿದ, ಅಷ್ಟೇ.

ಗುಲಾಬಿ ಮುಗಿಯಿತು. ಬೇಲಿ ಕೀಳುವ ಮಾತು ಯಾರೂ ಎತ್ತಲಿಲ್ಲ, ಬದಲಿಗೆ ಕಡ್ಡಿ ನೆಡಲು ಜಾಗ ಹುಡುಕುತ್ತಿದ್ದರು. ಆದರೆ ಹೂವಿನ ತಿವೀಜಿ ಹೂವಿನ ಜೊತೆಗೆ ಮುಗಿಯಬೇಕಲ್ಲ. ಮಿಮೂನ್‌ಗೆ ಮಾತು ಕೊಡಬೇಕಾದ ಸಂತೆ ದಿನವೂ ಬಂತು. ಝಾಯಿದ್ ಏನು ಮಾಡುತ್ತಾನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಡಾಂಬರು ರಸ್ತೆಯಲ್ಲಿ ಮೊಣಕಾಲು ಹಿಡಿದು ಹೊಳೆಗಿಳಿಯುವ ಕೆಲಸವಿಲ್ಲ ಎಂಬುದನ್ನು ಅವನ ಮೊಣಕಾಲು ರಾತ್ರಿಯಿಡೀ ನೆನಪಿಸುತ್ತಲೇ ಇತ್ತು.

ಬೆಳಿಗ್ಗೆ ಹೊರಗೆ ಬಂದರೆ ತೂಡಾ ಮೊದಲೇ ಕೂತಿದ್ದಳು. ಪೇಟೆಯ ಚಹಾದಂಗಡಿಗೆ ತಿಂಡಿಯ ಹೊತ್ತಿಗೆ ಬೆಣ್ಣೆ ಕೊಡುವುದಾಗಿ ಅವಳು ಒಪ್ಪಿಕೊಂಡಿದ್ದಳು, ಒದ್ದೆಬಟ್ಟೆ ಸುತ್ತಿದ ಮಡಕೆ ತೊಡೆಯ ಮೇಲಿತ್ತು. ಹೂ ಮುಗಿದರೂ ಸರದಿ ಬಿಡದೆ ಇನ್ನೂ ನಾಲ್ವರು ಬಂದರು. ಆರನೆಯ ಸೀಟು ಖಾಲಿ. ಸರದಿ ಲಲ್ಲಾ ಇಜ್ಜಾಳದು.

"ಅವಳಿಗೆ ನಿನ್ನೆಯಿಂದ ಜ್ವರ" ಎಂದಳು ತೂಡಾ.

"ಬೇರೆ ಯಾರಾದ್ರೂ?"

"ಎಲ್ಲ ಬಾರ್ಲಿ ಕೊಯ್ಲಿಗೆ ಹೋಗಿದ್ದಾರೆ. ಇದ್ರೂ ಯಾರು ಕೂರ್ತಾರೆ ಅಣ್ಣಾ, ಬದುಕಿರೋ ಮುದುಕಿ ಸರದೀಲಿ?"

ಮಸೀದಿಯ ನೆತ್ತಿ ಬೆಳಗತೊಡಗಿತು. ಐವರೂ ದಾರಿ ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು. ಝಾಯಿದ್ ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದ, ಮತ್ತೆ ಹಾಕಿದ. ಬೆಣ್ಣೆಯ ಮಡಕೆಯ ಬಟ್ಟೆ ಒಣಗುತ್ತಿತ್ತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಒಂದು ಕಂಬಳಿ ನಡೆದುಬಂತು. ಒಳಗೆ ಲಲ್ಲಾ ಇಜ್ಜಾ, ನಡುಗುತ್ತಾ, ಒಂದು ಕೈ ಗೋಡೆಗೆ ಕೊಟ್ಟು.

ಝಾಯಿದ್ ಓಡಿಹೋಗಿ ಹಿಡಿದುಕೊಂಡ. ಕೆಂಡದ ಹಾಗೆ ಮೈ ಸುಡುತ್ತಿತ್ತು.

"ಎಲ್ಲಿಗೆ ಹೊರಟೆ ಲಲ್ಲಾ? ಹೋಗಿ ಮಲಗು."

"ಬಿಡೋ. ನನ್ನ ಮನೆ ಸರದಿ ತಪ್ಪಲ್ಲ. ನಾನು ಬರದಿದ್ರೆ ನೀನು ಹೊರಡಲ್ಲ, ತೂಡಾನ ಬೆಣ್ಣೆ ಕರಗುತ್ತೆ. ಇವತ್ತು ನೀನು ಬೇರೆ..." ಮಾತು ಅಲ್ಲಿಗೇ ಬಿಟ್ಟಳು. ಮಿಮೂನ್‌ನ ವಿಷಯ ಅವಳಿಗೂ ಗೊತ್ತಿತ್ತು. ಈ ದಿನ ಕಾರು ತುಂಬದಿದ್ದರೆ ಇನ್ನೆಂದೂ ಬರಲಿಕ್ಕಿಲ್ಲವೆಂದು ಜ್ವರ ಹೊತ್ತುಕೊಂಡು ಎದ್ದು ಬಂದಿದ್ದಳು.

ಝಾಯಿದ್ ಅವಳನ್ನು ಬಂಡೆಯ ಮೇಲೆ ಕೂರಿಸಿದ.

"ಇವತ್ತು ನಿನ್ನ ಸರದಿ ಅಲ್ಲ ಲಲ್ಲಾ."

"ಮತ್ತೆ ಯಾರದು?"

"ನಂದು. ನನ್ನ ಮನೆಯದು."

ಕಾಲುವೆಯ ಬಳಿ ನಿಂತಿದ್ದ ಅಸ್ಸು ತಾತ ಹಾರೆ ಊರಿಕೊಂಡು ಹತ್ತಿರ ಬಂದ. "ಯಾವ ಮನೆಯಯ್ಯಾ? ಈ ಊರಲ್ಲಿ ನಿನಗೆ ಮನೆ ಎಲ್ಲಿದೆ?"

ಝಾಯಿದ್ ಹೋಗಿ ಕಾರಿನ ತಲೆಯ ಮೇಲೆ ಬಡಿದ. "ಇದೇ. ಬಾಗಿಲಿದೆ, ಕಿಟಕಿ ಇದೆ, ದಿನಾ ಹೊಗೆ ಏಳುತ್ತೆ. ಇನ್ನೇನು ಬೇಕು ಮನೆ ಅನ್ನೋಕೆ? ಇವತ್ತಿನ ಆರನೇ ಸೀಟು ಈ ಮನೆಯದು. ಅದರ ಬಾಡಿಗೆ ನನ್ನ ಲೆಕ್ಕ."

ಅಸ್ಸು ಕಾರನ್ನು ನೋಡಿದ, ಅವನನ್ನು ನೋಡಿದ. "ಹೂಂ" ಎಂದ.

"ಖಾಲಿ ಬಿಟ್ಟು ಹೋಗ್ತೀಯೇನೋ?" ಕಂಬಳಿಯೊಳಗಿಂದ ಲಲ್ಲಾ ಇಜ್ಜಾ ಕೇಳಿದಳು. "ಜಿನ್ ಕೂರುತ್ತಲ್ಲೋ!"

"ಕೂರಲಿ ಬಿಡು. ಪೇಟೇಲಿ ಅದಕ್ಕೂ ಏನೋ ಕೆಲಸ ಇರಬೇಕು."

ಅಪ್ಪನ ಆ ಒಂದು ಸಲ ಬಿಟ್ಟರೆ ಮೊದಲ ಬಾರಿಗೆ ಆ ಕಾರು ಒಂದು ಸೀಟು ಖಾಲಿ ಇಟ್ಟುಕೊಂಡು ಹೊರಟಿತು. ಹೊಳೆ ದಾಟುವಾಗ ಝಾಯಿದ್ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಬಾಯೊಳಗೆ ಏನೋ ಪಠಿಸುತ್ತಿದ್ದ. ನೀರು ಚಕ್ರದ ಅರ್ಧಕ್ಕೂ ಬರಲಿಲ್ಲ. ತೂಡಾಳ ಬೆಣ್ಣೆ ಗಟ್ಟಿಯಾಗಿಯೇ ಚಹಾದಂಗಡಿ ಸೇರಿತು. ಸ್ಟ್ಯಾಂಡಿನಲ್ಲಿ ಮಿಮೂನ್ ಪುದೀನ ಚಹಾ ತರಿಸಿ, "ಏನು ಮಾಡಿದೆ?" ಎಂದು ಕೇಳಿದ. "ಬಾರ್ಲಿ ಕೊಯ್ಲು ನಡೀತಿದೆ, ನಮ್ಮೂರಲ್ಲಿ ಪುರುಸೊತ್ತಿಲ್ಲ" ಎಂದು ಝಾಯಿದ್ ಚಹಾ ಕುಡಿದು ಎದ್ದ. ನಮ್ಮೂರು ಅಂದದ್ದು ಅವನಿಗೆ ಗೊತ್ತಾದದ್ದು ಕಾರಿನ ಬಾಗಿಲು ಹಾಕಿಕೊಂಡ ಮೇಲೆ. ಮುದುಕಿಗೆಂದು ಜ್ವರದ ಮಾತ್ರೆ, ಕಿತ್ತಳೆ ಕೊಂಡ.

ಸಂಜೆ ಘಾಟಿ ಹತ್ತಿ ಬಂದ ಕಾರು ಎಂದಿನಂತೆ ಬುಸುಗುಟ್ಟುತ್ತಾ ಅಕ್ರೋಟು ಮರದ ಕೆಳಗೆ ನಿಂತಿತು. ಮಾತ್ರೆ, ಕಿತ್ತಳೆಯನ್ನು ತೂಡಾಳ ಕೈಯಲ್ಲಿ ಕಳಿಸಿ, ಝಾಯಿದ್ ಡಬ್ಬ ತೆಗೆದುಕೊಂಡು ಮೊಣಕಾಲು ಸವರಿ ಹೊಳೆಯ ಇಳಿಜಾರಿನ ಕಡೆ ಹೊರಟ.

"ಎಲ್ಲಿಗಯ್ಯಾ?"

ಅಸ್ಸು ತಾತ ಕಾಲುವೆಯ ಅಂಚಿನಲ್ಲಿ ಕೂತಿದ್ದ. ಮರದ ಬುಡದ ಪಕ್ಕದಲ್ಲಿ ಕಾಲುವೆಯ ದಂಡೆ ಕಡಿದು, ಮಣ್ಣು ಮೆತ್ತಿ, ಸಣ್ಣದೊಂದು ತೂಬು ಮಾಡಿದ್ದ. ಮಣ್ಣು ಇನ್ನೂ ಹಸಿಯಾಗಿತ್ತು.

"ಹೊಳೆಗೆ, ತಾತಾ. ನೀರಿಗೆ."

"ಸರದಿ ಕೊಟ್ಟ ಮನೆಗೆ ನೀರಿನ ಪಾಲು ಇರಲೇಬೇಕು. ಅದು ನಮ್ಮಜ್ಜಂದಿರ ಕಾಯ್ದೆ." ಮುದುಕ ಎದ್ದು ಹಾರೆಯಿಂದ ತೂಬಿನ ಮಣ್ಣನ್ನು ಒಂದೇ ಏಟಿಗೆ ಎಳೆದ. ನೀರು ತಿರುಗಿ ಕಾರಿನ ಚಕ್ರದ ಹತ್ತಿರಕ್ಕೆ ಬಂತು. "ಹಿಡಿ ಡಬ್ಬ. ಬೇಗ ಹಿಡಿ. ನಿನ್ನ ಪಾಲು ಮುಗಿದ್ರೆ ಮುಂದಿನದು ಇಜ್ಜಾಂದು."

ಝಾಯಿದ್ ಬಗ್ಗಿ ಡಬ್ಬ ಅದ್ದಿದ.